ಎರಡು ಸಲ ತಟ್ಟಿದರೆ ನಿಲ್ಲಿಸು

ಜೂನ್ 12, ಸೋಮವಾರ. ಇಚಲಕರಂಜಿ

ಹೊಸ ಕೆಲಸವೊಂದನ್ನು ಕೈಗೆತ್ತಿಕೊಂಡಿದ್ದೇನೆ, ಅದಕ್ಕೇ ಈ ನೋಟಬುಕ್ಕು. ರಿಪೇರಿ ಅಂಗಡಿಯವನಿಗೆ ದಿನಚರಿ ಯಾಕೆ ಎಂದು ಹೆಂಡತಿ ರತ್ನಮಾಲಾ ನಕ್ಕಳು. ಯಾವ ದಿನ ಏನು ಬದಲಾಯಿಸಿದೆ ಎಂದು ಗೊತ್ತಿರದಿದ್ದರೆ ಯಾವುದರಿಂದ ಕೆಟ್ಟಿತು ಎಂದೂ ಗೊತ್ತಾಗುವುದಿಲ್ಲ ಎಂದೆ.

ಬೆಳಿಗ್ಗೆ ಇಲ್ಲೇ ಊರಿನ ಶಹಾಪುರ ಭಾಗದಲ್ಲಿ ಸುಕುಮಾರ ಅಣ್ಣನ ಮಗ್ಗದ ಶೆಡ್ಡಿಗೆ ಹೋಗಿದ್ದೆ. ಸ್ಟಾರ್ಟರ್ ಸುಟ್ಟಿತ್ತು. ಇಪ್ಪತ್ತಾರು ವರ್ಷದಿಂದ ಈ ಊರಿನ ಮಗ್ಗಗಳ ವಿದ್ಯುತ್ ಪೆಟ್ಟಿಗೆಗಳನ್ನು ನಾನೇ ನೋಡುತ್ತ ಬಂದಿದ್ದೇನೆ. ಕೆಲಸ ಮುಗಿಸಿ ಹೊರಡುವಾಗ ಒಳಗೆ ಗದ್ದಲ. ಯಲಗೂರಪ್ಪನ ಮಗ್ಗದಿಂದ ಲಾಳಿ ಹಾರಿ ಟ್ಯೂಬ್‌ಲೈಟು ಒಡೆದಿತ್ತು. ಲಾಳಿ ಹಾರುವ ಮೊದಲು ಅದರ ಬಡಿತ ತುಸು ತಡವಾಗುತ್ತದೆ. ಅನುಭವಸ್ಥ ನೇಕಾರ ಅದನ್ನು ಕೇಳಿ ಮಗ್ಗ ನಿಲ್ಲಿಸುತ್ತಾನೆ. ಯಲಗೂರಪ್ಪ ಕೇಳಿಸಿಕೊಳ್ಳಲಿಲ್ಲ. ಎರಡು ತಿಂಗಳಲ್ಲಿ ಇದು ಮೂರನೆಯ ಸಲ.

"ಇಂವಾ ಪೂರಾ ಕಿವುಡ ಆಗ್ಯಾನ," ಸುಕುಮಾರ ಅಣ್ಣ ನನಗೆ ಹೇಳಿದ. "ನಾಳೆ ಯಾರದರೆ ತಲಿಗೆ ಬಡೀತಂದ್ರ ನಾ ಹೋಗ್ಲ್ಯಾ ಜೇಲಿಗೆ?"

ಯಲಗೂರಪ್ಪ ಮುದ್ದೇಬಿಹಾಳದ ಕಡೆಯವ. ಮಾಲಕರ ಬಾಯಿ ನೋಡಿಯೇ ಮಾತು ತಿಳಿದುಕೊಂಡ. "ಮೂವತ್ತು ವರ್ಷ ಈ ಕಿವಿ ನಿಮ್ಮ ಮಗ್ಗಕ್ಕ ಕೊಟ್ಟೇನ್ರಿ ಮಾಲಕ್ರ. ಈಗ ಕಿವಿ ಇಲ್ಲ ನಡಿ ಅಂತೀರಿ. ಮತ್ತ ಆ ಕಿವಿ ಯಾರ ತಿಂದ್ರು?"

ನಾನು ಮಧ್ಯೆ ಬಾಯಿ ಹಾಕಿದೆ. ಗಣಪತಿ ಹಬ್ಬದವರೆಗೆ ಇವನನ್ನು ಇಟ್ಟುಕೋ, ಇವನ ಮುಂಗೈಗೆ ಒಂದು ಕಿವಿ ಮಾಡಿಕೊಡುತ್ತೇನೆ ಎಂದೆ. ಸುಕುಮಾರ ಅಣ್ಣ ನಕ್ಕ. ಆದರೆ ಒಪ್ಪಿದ.

ಮನಸ್ಸಿನಲ್ಲಿರುವುದು ಇದು. ಆಟಿಕೆ ಸಾಮಾನಿನಲ್ಲಿ, ಬಾಗಿಲ ಬೆಲ್ಲಿನಲ್ಲಿ ಇರುವ ಹಿತ್ತಾಳೆ ಬಿಲ್ಲೆ, ಅದರ ಮೇಲೆ ಬಿಳಿ ಪಿಂಗಾಣಿಯ ಪದರ. ಅದನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ. ವಿದ್ಯುತ್ ಕೊಟ್ಟರೆ ಅದೇ ನಡುಗುತ್ತದೆ. ಕಿವಿಯೂ ಅದೇ, ಬೆರಳೂ ಅದೇ. ಒಂದು ಬಿಲ್ಲೆ ಮಗ್ಗಕ್ಕೆ, ಲಾಳಿಯ ಬಡಿತ ಮತ್ತು ನೂಲು ಕಡಿಯುವುದನ್ನು ಕೇಳಲು. ಇನ್ನೊಂದು ಮುಂಗೈ ಪಟ್ಟಿಯಲ್ಲಿ, ಚರ್ಮ ತಟ್ಟಲು.

ಜೂನ್ 20, ಮಂಗಳವಾರ. ಗಡಹಿಂಗ್ಲಜ

ಯಲಗೂರಪ್ಪನನ್ನು ಕಿವಿ ಪರೀಕ್ಷೆಗೆ ಇಲ್ಲಿಗೆ ಕರೆತಂದೆ. ರತ್ನಮಾಲಾಳ ಅಣ್ಣನ ಮಗಳು ವೃಷಾಲಿ ಇಲ್ಲಿಯ ಡಾಕ್ಟರರ ಹತ್ತಿರ ಆ ಯಂತ್ರ ನಡೆಸುತ್ತಾಳೆ. ಗಾಜಿನ ಕೋಣೆ, ಕಿವಿಗೆ ಹೆಡ್‌ಫೋನು, ದನಿ ಕೇಳಿದಾಗ ಗುಂಡಿ ಒತ್ತಬೇಕು. ಯಲಗೂರಪ್ಪ ಗುಂಡಿ ಹಿಡಿದು ಗುಡಿಯಲ್ಲಿ ಕೂತವನ ಹಾಗೆ ಕೂತಿದ್ದ. ಬಹುತೇಕ ಒತ್ತಲೇ ಇಲ್ಲ.

ವೃಷಾಲಿ ಹಾಳೆಯ ಮೇಲಿನ ಗೀಟು ತೋರಿಸಿದಳು. ಎಡದಿಂದ ಬಲಕ್ಕೆ ದಪ್ಪ ದನಿಯಿಂದ ಸಣ್ಣ ದನಿಗೆ. ಸೆಕೆಂಡಿಗೆ ನಾಲ್ಕು ಸಾವಿರ ಕಂಪನದ ಹತ್ತಿರ ಗೀಟು ಬಾವಿಗೆ ಬಿದ್ದ ಹಾಗೆ ಕೆಳಗೆ ಹೋಗಿತ್ತು. "ಮಗ್ಗದವ್ರದು ಎಲ್ಲಾರದೂ ಇಲ್ಲೇ ತಗ್ಗು ಬೀಳತೈತ್ರಿ ಮಾಮಾ. ಮೊದಲ ಇಲ್ಲಿ ಹೋಗ್ತದ, ಆಮ್ಯಾಲ ಅಕ್ಕಪಕ್ಕ ಹರಡ್ತದ. ಹೋಗಿದ್ದು ಅವ್ರಿಗೇ ಗೊತ್ತಾಗಂಗಿಲ್ಲ." ಆಮೇಲೆ ಅಂದಳು, "ಬಂದೀರಿ ಅಂದ್ರ ನೀವೂ ಒಂದೈದು ಮಿನಿಟ ಕುಂದರ್ರಿ."

ಮೂರೂವರೆಯ ಬಸ್ಸು ತಪ್ಪುತ್ತದೆ ಎಂದೆ. ನನ್ನ ಕಿವಿಯೇ ನನ್ನ ಹತ್ಯಾರ. ಮೋಟರಿನ ದನಿ ಕೇಳಿ ಬೇರಿಂಗು ಹೋಗಿದೆಯೋ ಕಾಯಿಲು ಹೋಗಿದೆಯೋ ಹೇಳುವವನು ನಾನು.

ಜುಲೈ 3, ಸೋಮವಾರ

ಮೊದಲ ಪಟ್ಟಿ ಸಿದ್ಧ. ಮೂರು ಬಿಲ್ಲೆ ಒಂದರ ಮೇಲೊಂದು, ನಲವತ್ತು ವೋಲ್ಟು. ಸಂಕೇತ ಎರಡೇ. ಒಂದು ಸಲ ತಟ್ಟಿದರೆ ನೂಲು ಕಡಿದಿದೆ, ನೋಡು. ಎರಡು ಸಲ ತಟ್ಟಿದರೆ ಲಾಳಿ ತಡವಾಗಿದೆ, ಇದ್ದಲ್ಲೇ ನಿಲ್ಲಿಸು. ಪಟ್ಟಿ ಸುಮ್ಮನಿದ್ದರೆ ಎಲ್ಲ ಸರಿ ಇದೆ ಎಂದು ಅರ್ಥ.

ಯಲಗೂರಪ್ಪನ ಕೈಗೆ ಕಟ್ಟಿ, ಬೇಕೆಂದೇ ಒಂದು ಎಳೆ ಕಡಿದೆ. ಅವನು ಬೆನ್ನು ಮಾಡಿ ನಿಂತಿದ್ದ. ತಟ್ಟನೆ ತಿರುಗಿದ. ಮುಖದಲ್ಲಿ ಬೆಳಕು ಹತ್ತಿದ ಹಾಗೆ.

"ಅಣ್ಣಾರ, ಹೆಂಡ್ತಿ ಚಿವುಟಿದಂಗ ಆತ್ರಿ!"

ಅವನ ಹೆಂಡತಿ ಜನಾಬಾಯಿ ಅದೇ ಶೆಡ್ಡಿನಲ್ಲಿ ಲಾಳಿಯೊಳಗಿನ ಕಾಂಡಿಗೆ ನೂಲು ಸುತ್ತುತ್ತಾಳೆ. "ಏ ಮುದಕಾ, ಮೂವತ್ತು ವರ್ಷ ಚಿವುಟಾಕತ್ತೇನಿ. ಒಮ್ಮೆರೆ ಹಿಂಗ ತಿರುಗಿ ನೋಡಿಯೇನು?" ಎಂದು ಕೂಗಿದಳು. ಇಡೀ ಶೆಡ್ಡು ನಕ್ಕಿತು. ಯಲಗೂರಪ್ಪನಿಗೆ ಮಾತ್ರ ಕೇಳಲಿಲ್ಲ. ಎಲ್ಲರೂ ನಗುವುದನ್ನು ನೋಡಿ ಅವನೂ ನಕ್ಕ.

ಜುಲೈ 17, ಸೋಮವಾರ

ಹತ್ತು ದಿನದಿಂದ ಬೆಳಿಗ್ಗೆ ಏಳರಿಂದ ಸಂಜೆಯವರೆಗೆ ಶೆಡ್ಡಿನಲ್ಲೇ ಇದ್ದೇನೆ. ಮಗ್ಗಕ್ಕೊಂದು ನಡಿಗೆ, ಎಲ್ಲಕ್ಕೂ ಬೇರೆ ಬೇರೆ ಸಮಯ ಕೂಡಿಸಬೇಕು. ಲಾಳಿ ಪೆಟ್ಟಿಗೆಯ ಪಕ್ಕ ತಲೆ ಇಟ್ಟುಕೊಂಡೇ ಕೂರಬೇಕಾಗುತ್ತದೆ. ಸಂಜೆ ಕಿವಿಯಲ್ಲಿ ಭೋರ್ ಎನ್ನುತ್ತದೆ. ಬೆಳಿಗ್ಗೆ ಹೋಗಿರುತ್ತದೆ.

ಹೊತ್ತು ಮುಳುಗುವ ಮೊದಲು ಊಟಕ್ಕೆ ಕೂತಾಗ ಮಗಳು ಋತುಜಾ ಕಾಲೇಜಿನ ಏನೋ ಹೇಳಿದಳು. ಬಿ.ಎಸ್ಸಿ. ಕೊನೆಯ ವರ್ಷದ ಹುಡುಗಿ, ಬಾಯಲ್ಲೇ ಗೊಣಗುತ್ತಾಳೆ. ಸಂದರ್ಶನಕ್ಕೆ ಹೋದರೆ ಹೇಗೆ ಎಂದು ಬೈದೆ.

ಅಂಗಡಿಯ ಹಂಚಿನ ಸಂದಿಗೆ ಈ ವರ್ಷ ಗುಬ್ಬಿಗಳು ಬಂದಿಲ್ಲ. ಪ್ರತಿ ಮಳೆಗಾಲಕ್ಕೆ ತಲೆ ಚಿಟ್ಟು ಹಿಡಿಸುತ್ತಿದ್ದವು. ಮೊಬೈಲ್ ಟವರಿನಿಂದ ಎಂದು ಪೇಪರಿನಲ್ಲಿ ಹಿಂದೆ ಓದಿದ್ದೆ.

ಆಗಸ್ಟ್ 2, ಬುಧವಾರ

ಪುಣೆಯ ವ್ಯಾಪಾರಿಯಿಂದ ಹೊಸ ಬಿಲ್ಲೆ ನಲವತ್ತು ಬಂದವು. ಮಾಲು ಕೆಟ್ಟದ್ದು.

ನನ್ನ ಪರೀಕ್ಷೆಯ ಕ್ರಮ ಹಳೆಯದು, ಗುರುಗಳು ಕಲಿಸಿದ್ದು: ಬಿಲ್ಲೆಗೆ ತಂತಿ ಹಚ್ಚಿ, ಅದು ಅತಿ ಜೋರಾಗಿ ಕೂಗುವ ದನಿ ಕೊಡುವುದು, ಕಿವಿಯಿಂದ ಕೇಳುವುದು. ಈ ಬಿಲ್ಲೆಗಳಿಗೆ ಅದು ನಾಲ್ಕು ಸಾವಿರದ ಆಸುಪಾಸು. ಸ್ಪಷ್ಟ ಕೂಗಿದರೆ ಒಳ್ಳೆಯದು, ಕ್ಷೀಣವಾದರೆ ಬೇಡ. ನಲವತ್ತರಲ್ಲಿ ಒಂಬತ್ತು ಮಾತ್ರ ಕೂಗಿದವು, ಅವೂ ಎಂದಿಗಿಂತ ತುಸು ದಪ್ಪ ದನಿಯಲ್ಲಿ. ಮೂವತ್ತೊಂದು ಸತ್ತ ಹಾಗೆ. ಅವುಗಳ ಬೆನ್ನಿಗೆ ಕೆಂಪು ಮಸಿಯಲ್ಲಿ ಗುರುತು ಹಾಕಿದೆ.

ಕಾಯಲು ಸಮಯವಿಲ್ಲ. ವೋಲ್ಟೇಜಿನ ಸಣ್ಣ ತಿರುಪನ್ನು ಏರಿಸುತ್ತ ಹೋದೆ. ಎಪ್ಪತ್ತಕ್ಕೆ ಬಂದಾಗ ಕೆಲವು ಕೇಳತೊಡಗಿದವು. ಋತುಜಾ ಒಳಗಿನಿಂದ ಎರಡೂ ಕಿವಿ ಮುಚ್ಚಿಕೊಂಡು ಓಡಿ ಬಂದಳು. "ಅಪ್ಪಾ, ಬಂದ್ ಮಾಡ! ತಲಿ ಒಡ್ಯಾಕತ್ತೈತಿ!"

ಕಾಲೇಜು ಪರೀಕ್ಷೆಯ ಚಿಂತೆಯಲ್ಲಿ ಹುಡುಗಿ ಸಣ್ಣದಕ್ಕೂ ಸಿಡುಕುತ್ತಾಳೆ. ತಿರುಪನ್ನು ಎಪ್ಪತ್ತಕ್ಕೇ ಇಟ್ಟು ಮೂರು ಹೊಸ ಬಿಲ್ಲೆ ಪಟ್ಟಿಗೆ ಹೊಲಿದೆ.

ಆಗಸ್ಟ್ 21, ಸೋಮವಾರ

ವ್ಯಾಪಾರಿಗೆ ಬರೆದಿದ್ದೆ. ಉತ್ತರಕ್ಕೆ ಒಂದು ಅಚ್ಚಾದ ಹಾಳೆ ಕಳಿಸಿದ್ದಾನೆ: ಎಲ್ಲ ಬಿಲ್ಲೆ ಪರೀಕ್ಷಿಸಿ ಕಳಿಸಿದ್ದು, ಎಲ್ಲವೂ ಸರಿ, ಅರವತ್ತು ವೋಲ್ಟಿನ ಮೇಲೆ ಏರಿಸಬೇಡಿ. ಅಚ್ಚಿನಲ್ಲಿ ಏನು ಬೇಕಾದರೂ ಬರೆಯಬಹುದು. ಕೆಟ್ಟ ಮಾಲು ಕಳಿಸಿ ಮೇಲೆ ಉಪದೇಶ.

ಪಟ್ಟಿ ಮಾತ್ರ ಗೆದ್ದಿದೆ. ಏಳು ವಾರ, ಒಂದೂ ಲಾಳಿ ಹಾರಿಲ್ಲ. ಯಲಗೂರಪ್ಪನಿಗೆ ಗಣಪತಿ ಹಬ್ಬದ ನಂತರವೂ ಕೆಲಸ ಖಾಯಂ ಎಂದು ಸುಕುಮಾರ ಅಣ್ಣ ಎಲ್ಲರೆದುರು ಹೇಳಿದ. ಅವನು ನಡೆಸುತ್ತಿದ್ದ ನಾಲ್ಕು ಮಗ್ಗವನ್ನು ಆರು ಮಾಡಿದ. "ಈಗ ನಿನಗ ಮೂರು ಕಿವಿ ಅದಾವ, ಆರು ಏನ ಭಾರ ಅಲ್ಲ," ಎಂದ.

ಯಲಗೂರಪ್ಪ ನನ್ನನ್ನು ಬದಿಗೆ ಕರೆದ. "ಅಣ್ಣಾರ, ಮೊದಲ ಚಿವುಟಿದಂಗ ಇತ್ತು. ಈಗ ಚೇಳು ಕಡದಂಗ ಆಗತೈತಿ. ತುಸು ಕಡಿಮಿ ಮಾಡ್ರಲ್ಲ." ಮುಂಗೈಯಲ್ಲಿ ಬಿಲ್ಲೆಯಗಲದ ಕೆಂಪು ಕಲೆ.

ಬಿಲ್ಲೆ ಕ್ಷೀಣವಾಗಿವೆ, ಕಡಿಮೆ ಮಾಡಿದರೆ ತಟ್ಟುವುದೇ ಇಲ್ಲ ಎಂದು ಕೈಸನ್ನೆಯಿಂದ ತಿಳಿಸಿದೆ. ಪಟ್ಟಿಯ ಒಳಗೆ ಒಂದು ಪದರ ಅರಿವೆ ಇಟ್ಟುಕೊಟ್ಟೆ. ಅವನು ಮತ್ತೆ ಕೇಳಲಿಲ್ಲ.

ಸೆಪ್ಟೆಂಬರ್ 9, ಶನಿವಾರ

ಪಟ್ಟಿಯ ಹೊಲಿಗೆ ಬಿಚ್ಚಿ ಬಿಲ್ಲೆ ಬದಲಿಸಿದೆ. ಹೊಸದೂ ಕ್ಷೀಣ. ತಿರುಪು ಕೊನೆಯವರೆಗೆ ತಿರುಗಿಸಿದೆ, ತೊಂಬತ್ತೈದು. ಈಗ ಸಣ್ಣಗೆ ಕೇಳುತ್ತದೆ. ಇಷ್ಟು ಸಾಕು.

ರತ್ನಮಾಲಾ ಬಸದಿಗೆ ಹೋಗುವಾಗ ಕುಕ್ಕರ್ ಮೂರು ಸೀಟಿ ಹೊಡೆದ ಮೇಲೆ ಆರಿಸಿ ಎಂದಿದ್ದಳು. ಒಂದೂ ಹೊಡೆಯಲಿಲ್ಲ. ಬೇಳೆ ಕರಕಾಯಿತು. ಸೀಟಿಯ ತೂಕ ಸವೆದಿರಬೇಕು, ಬದಲಿಸಬೇಕು.

ಸೆಪ್ಟೆಂಬರ್ 14, ಗುರುವಾರ

ಸಂಜೆ ಪಟ್ಟಿ ನೋಡಿದೆ. ಕಿವಿಗೆ ಹಿಡಿದಾಗ ದನಿ ಇದೆ. ಸರಿ ಇದೆ.

ಸೆಪ್ಟೆಂಬರ್ 15, ಶುಕ್ರವಾರ

ಲಾಳಿ ಹಾರಿತು. ಬೆಳಿಗ್ಗೆ ಹತ್ತೂವರೆ. ಯಲಗೂರಪ್ಪನ ಎಡಗಣ್ಣು.

ಸೆಪ್ಟೆಂಬರ್ 18, ಸೋಮವಾರ. ಕೊಲ್ಹಾಪುರ

ಕಣ್ಣು ತೆಗೆದರು. ಬೇರೆ ದಾರಿ ಇರಲಿಲ್ಲವಂತೆ. ದವಾಖಾನೆಯ ವರಾಂಡದಲ್ಲಿ ಜನಾಬಾಯಿ ಗೋಡೆಗೆ ಒರಗಿ ಕೂತಿದ್ದಳು, ಸೆರಗಿಗೆ ಇನ್ನೂ ಹತ್ತಿಯ ಧೂಳು ಹತ್ತಿತ್ತು. ನನ್ನನ್ನು ನೋಡಿ ಎದ್ದು ನಿಂತಳು. ಕೂಡು ಎಂದರೂ ಕೂಡಲಿಲ್ಲ.

ಯಲಗೂರಪ್ಪನ ಅರ್ಧ ಮುಖಕ್ಕೆ ಬ್ಯಾಂಡೇಜು. ಉಳಿದ ಕಣ್ಣಿನಿಂದ ನನ್ನ ಬಾಯಿಯನ್ನೇ ನೋಡುತ್ತಿದ್ದ. "ತಟ್ಟಲಿಲ್ರಿ ಅಣ್ಣಾರ," ಅಂದ. "ನಾ ಎರಡನೇ ಮಗ್ಗದ ಕಡೆ ಇದ್ದೆ. ಪಟ್ಟಿ ಸುಮ್ನಿತ್ತು. ಸುಮ್ನಿದ್ರ ಎಲ್ಲಾ ಸರಿ ಅಂತ ನೀವ ಹೇಳಿದ್ರಿ."

ಅವನ ಕೈಯಿಂದ ಬಿಚ್ಚಿದ ಪಟ್ಟಿಯನ್ನು ನರ್ಸು ಕವರಿನಲ್ಲಿ ಕೊಟ್ಟಳು. ಊರಿಗೆ ಬಂದು ತೆರೆದೆ. ಮೂರೂ ಬಿಲ್ಲೆಗಳ ಪಿಂಗಾಣಿ ನಡುವೆ ಬಿರುಕು ಬಿಟ್ಟಿತ್ತು. ಕೆಟ್ಟ ಮಾಲು ಎಂದು ನಾನು ಮೊದಲೇ ಹೇಳಿದ್ದೆ.

ಸಂಜೆ ಸುಕುಮಾರ ಅಣ್ಣ ಅಂಗಡಿಗೆ ಬಂದ. "ಹಿಂದಿನ ದಿನ ಪಟ್ಟಿ ಚೆಕ್ ಮಾಡಿದ್ದಿ ಅಲ್ಲ?"

"ಮಾಡೇನಿ. ಚಾಲೂ ಇತ್ತು."

"ಅಷ್ಟ ಬರದ ಕೊಡು. ಖರೇ ಇದ್ದದ್ದ ಬರಿ, ಸುಳ್ಳ ಬರಿ ಅನ್ನಂಗಿಲ್ಲ ನಾ."

ಮರಾಠಿಯಲ್ಲಿ ಎರಡು ಸಾಲು. ಸೆಪ್ಟೆಂಬರ್ 14ರ ಸಂಜೆ ಪಟ್ಟಿಯನ್ನು ಪರೀಕ್ಷಿಸಿದ್ದೇನೆ. ಅದು ಸರಿಯಾಗಿ ಕೆಲಸ ಮಾಡುತ್ತಿತ್ತು. ಸಹಿ ಮಾಡಿದೆ. ಇದ್ದದ್ದನ್ನೇ ಬರೆದೆ.

ಸೆಪ್ಟೆಂಬರ್ 30, ಶನಿವಾರ

ಕ್ಷಮಾವಾಣಿ. ಬಸದಿಯಲ್ಲಿ ಎಲ್ಲರೂ ಎಲ್ಲರಿಗೂ ಕೈ ಮುಗಿದು, ಗೊತ್ತಿದ್ದು ಗೊತ್ತಿಲ್ಲದೆ ಮಾಡಿದ ತಪ್ಪಿಗೆ ಕ್ಷಮೆ ಕೇಳಿದೆವು. ಸುಕುಮಾರ ಅಣ್ಣನಿಗೂ ಕೇಳಿದೆ, ಅವನೂ ನನಗೆ ಕೇಳಿದ.

ಆಮೇಲೆ ಶಹಾಪುರಕ್ಕೆ ಹೋದೆ. ಯಲಗೂರಪ್ಪ ಮನೆಗೆ ಬಂದಿದ್ದಾನೆ. ಹೊರಸಿನ ಮೇಲೆ ಕೂತಿದ್ದ. ಕೈ ಮುಗಿದು ಕ್ಷಮಾ ಇರಲಿ ಎಂದೆ. ಅವನು ಗಾಬರಿಯಾಗಿ ನನ್ನ ಕೈ ಹಿಡಿದ.

"ಯಾತಕ್ರಿ?"

"ಎಲ್ಲಾದಕ್ಕೂ. ನಮ್ಮಲ್ಲಿ ಪದ್ಧತಿ ಐತಿ, ವರ್ಷಕ್ಕೊಮ್ಮೆ."

ಜನಾಬಾಯಿ ಚಹಾ ಇಟ್ಟಳು. ಬೆನ್ನು ತಿರುಗಿಸಿಕೊಂಡೇ ಏನೋ ಅಂದಳು, ನನಗೆ ತಿಳಿಯಲಿಲ್ಲ. ಮತ್ತೆ ಕೇಳುವುದು ಸರಿಯಲ್ಲ ಎನಿಸಿ ಚಹಾ ಕುಡಿದು ಎದ್ದೆ.

ಅಕ್ಟೋಬರ್ 7, ಶನಿವಾರ

ಜನಾಬಾಯಿ ಅಂಗಡಿಗೆ ಬಂದಳು. ಗಿರಾಕಿಗಳಿದ್ದರು, ಲೆಕ್ಕಿಸಲಿಲ್ಲ. ಕೌಂಟರಿನ ಮೇಲೆ ಒಂದು ಜೆರಾಕ್ಸ್ ಕಾಗದ ಇಟ್ಟಳು.

"ಇದು ನಿಮ್ಮ ಸಹಿ ಹೌದಲ್ರಿ?"

ನನ್ನ ಎರಡು ಸಾಲು. ಯಲಗೂರಪ್ಪನ ಪರಿಹಾರದ ಅರ್ಜಿಗೆ ಮಾಲಕರ ವಕೀಲ ಕೊಟ್ಟ ಉತ್ತರದ ಜೊತೆ ಲಗತ್ತಿಸಿದ್ದರು. ಅವನ ವಾದ ಇಷ್ಟು: ಪಟ್ಟಿ ಸುಸ್ಥಿತಿಯಲ್ಲಿತ್ತು, ಆದ್ದರಿಂದ ನೇಕಾರನೇ ಅದನ್ನು ಬಿಚ್ಚಿಟ್ಟಿದ್ದನು. ತಪ್ಪು ಅವನದೇ, ಪರಿಹಾರದ ಪ್ರಶ್ನೆ ಬರುವುದಿಲ್ಲ.

"ಬಿಚ್ಚಿಟ್ಟಿದ್ದ ಅಂತ ನಾ ಬರದಿಲ್ಲ ಜನಾಬಾಯಿ."

"ಬರದಿಲ್ಲ. ಬರಿಯಾಕ ದಾರಿ ಮಾಡಿಕೊಟ್ರಿ." ಅವಳು ಕೂಗುತ್ತಿದ್ದಳು, ಅದಕ್ಕೇ ನನಗೆ ಪ್ರತಿ ಮಾತೂ ಕೇಳಿಸಿತು. "ಜಳಕಕ್ಕೂ ಬಿಚ್ಚತಿದ್ದಿಲ್ಲ ಅಂವಾ ಅದನ್ನ. ಚರ್ಮ ಸುಟ್ಟಿತ್ತು, ಎಣ್ಣಿ ಹಚ್ಚಿ ಮತ್ತ ಕಟ್ಟಿಕೊಳ್ತಿದ್ದ. ಅಣ್ಣಾರ ಮಾಡಿಕೊಟ್ಟಾರ ಅಂತ! ಕಿವಿ ಮಗ್ಗ ತಿಂತು, ಕಣ್ಣು ನಿಮ್ಮ ಪಟ್ಟಿ ತಿಂತು. ಈಗ ಅಂವನ ಮಾತನ್ನೂ ತಿನ್ರಿ."

ಗಿರಾಕಿಗಳು ಒಬ್ಬೊಬ್ಬರೇ ಹೊರಗೆ ಹೋದರು. ಅವಳು ಕಾಗದ ಅಲ್ಲೇ ಬಿಟ್ಟು ಹೋದಳು.

ತಪ್ಪು ಪುಣೆಯವನದು ಎಂದು ರುಜುವಾತು ಮಾಡಿದರೆ ಯಲಗೂರಪ್ಪನ ಮೇಲಿನ ಆರೋಪ ತಾನಾಗಿಯೇ ಬೀಳುತ್ತದೆ. ಸೋಮವಾರ ಅವನನ್ನು ಹಿಡಿಯುತ್ತೇನೆ.

ಅಕ್ಟೋಬರ್ 9, ಸೋಮವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಪುಣೆಗೆ ಫೋನು ಮಾಡಿದೆ. ಸರಿಯಾಗಿ ಕೇಳದೆ ಋತುಜಾಳ ಕೈಗೆ ಕೊಟ್ಟೆ. ಅವಳು ಮಾತಾಡಿದಳು, ತಲೆಯಾಡಿಸಿದಳು, ಫೋನಿಟ್ಟು ನನ್ನೆದುರು ಬಂದು ನಿಂತು ನಿಧಾನವಾಗಿ ಹೇಳಿದಳು. ಈಚೆಗೆ ಅವಳು ಯಾವಾಗಲೂ ಎದುರಿಗೇ ಬಂದು ನಿಂತು ಮಾತಾಡುತ್ತಾಳೆ. ಯಾಕೆಂದು ನಾನು ಯೋಚಿಸಿರಲಿಲ್ಲ.

"ಬಿಲ್ಲಿ ಮ್ಯಾಲ ಸಣ್ಣ ಪುಡಿ ಹಾಕಿ ಚಾಲೂ ಮಾಡ್ರಿ ಅಂದ್ರು. ಕೆಟ್ಟಿದ್ರ ಪುಡಿ ಅಳಗಾಡಂಗಿಲ್ಲ. ಅಳಗಾಡದಿದ್ರ ಎಲ್ಲಾ ವಾಪಸ್ ತಗೋತಾರಂತ."

ರತ್ನಮಾಲಾಳ ರಂಗೋಲಿ ಡಬ್ಬಿ ತಂದಳು. ಕೆಂಪು ಗುರುತಿನ ಬಿಲ್ಲೆಗಳಲ್ಲಿ ಒಂದನ್ನು ಸ್ಪಂಜಿನ ಮೇಲೆ ಇಟ್ಟೆವು. ತಿರುಪನ್ನು ಮೊದಲಿನ ನಲವತ್ತಕ್ಕೆ ಇಳಿಸಿದೆ. ಚಿಟಿಕೆ ರಂಗೋಲಿ ಉದುರಿಸಿ ಗುಂಡಿ ಒತ್ತಿದೆ.

ದನಿ ಇರಲಿಲ್ಲ. ಪುಡಿ ಮಾತ್ರ ಎದ್ದು ಕುಣಿಯಿತು. ನಡುವಿನದು ಹೊರಗೆ ಸರಿದು, ಅಂಚಿನದು ಒಳಗೆ ಸರಿದು, ಎರಡು ಎಣಿಸುವಷ್ಟರಲ್ಲಿ ಒಂದು ದುಂಡನೆಯ ಬಿಳಿ ಬಳೆ ಮೂಡಿ ನಿಂತಿತು.

ಎರಡನೆಯದನ್ನು ಇಟ್ಟೆ. ಬಳೆ. ಮೂರನೆಯದು. ಬಳೆ. ಉಳಿದವನ್ನೂ ಒಂದೊಂದಾಗಿ ಇಟ್ಟೆ. ಒಂದೂ ಸತ್ತಿರಲಿಲ್ಲ.

ತಲೆ ಎತ್ತಿ ನೋಡಿದೆ. ಋತುಜಾ ಎರಡೂ ಕಿವಿಗೆ ಅಂಗೈ ಒತ್ತಿಕೊಂಡು ನಿಂತಿದ್ದಳು. ಇಷ್ಟು ಹೊತ್ತೂ ಹಾಗೇ ನಿಂತಿದ್ದಳು.

"ನಿನಗ ಕೇಳಾಕತ್ತೈತೇನು?"

ತಲೆಯಾಡಿಸಿದಳು. ಕಣ್ಣಲ್ಲಿ ನೀರಿತ್ತು.

"ಎಲ್ಲಾವೂ?"

"ಎಲ್ಲಾವೂ ಅಪ್ಪಾ. ಮೊದಲಿಂದನೂ."

"ಗುಬ್ಬಿ?" ಎಂದೆ. ಅವಳು ಮೇಲೆ ಹಂಚಿನ ಕಡೆ ಬೆರಳು ತೋರಿಸಿದಳು. ಸಂದಿಯಿಂದ ಒಣಹುಲ್ಲು ಇಳಿಬಿದ್ದಿತ್ತು. ಒಂದು ಗುಬ್ಬಿ ಅಂಚಿನಲ್ಲಿ ಕೂತು ಕೊಕ್ಕು ತೆರೆದು ಮುಚ್ಚಿ ಮಾಡುತ್ತಿತ್ತು.

ಅಕ್ಟೋಬರ್ 11, ಬುಧವಾರ. ಗಡಹಿಂಗ್ಲಜ

ಗಾಜಿನ ಕೋಣೆಯಲ್ಲಿ ಕೂತೆ. ಗುಂಡಿ ಹಿಡಿದು ಕಾಯುತ್ತಲೇ ಇದ್ದೆ.

ವೃಷಾಲಿ ಹಾಳೆಯನ್ನು ನನ್ನ ಕಡೆಗೆ ತಿರುಗಿಸಿ ಇಟ್ಟಳು. ಅದೇ ತಗ್ಗು, ಅದೇ ಜಾಗ. ಜೂನಿನಲ್ಲಿ ಕೂತಿದ್ದರೆ ಐದು ನಿಮಿಷದ ಕೆಲಸವಿತ್ತು. ನಾನು ಆ ದಿನ ಹಿಡಿದದ್ದು ಮೂರೂವರೆಯ ಬಸ್ಸು.

ಅಕ್ಟೋಬರ್ 12, ಗುರುವಾರ. ಇಚಲಕರಂಜಿ

ಬೆಳಿಗ್ಗೆ ಎರಡನೆಯ ಹೇಳಿಕೆ ಬರೆದೆ. ಇಲ್ಲಿಯೂ ನಕಲು ಮಾಡಿಡುತ್ತೇನೆ.

"ಸೆಪ್ಟೆಂಬರ್ 14ರಂದು ಪಟ್ಟಿಯನ್ನು ನಾನು ನನ್ನ ಕಿವಿಯಿಂದ ಪರೀಕ್ಷಿಸಿದೆ. ನನ್ನ ಕಿವಿ ಕೆಟ್ಟಿದೆ, ವರದಿ ಲಗತ್ತಿಸಿದೆ. ಬಿಲ್ಲೆಗಳು ಸರಿಯಾಗಿದ್ದವು. ಅವು ಕೂಗುತ್ತಿಲ್ಲ ಎಂದು ತಪ್ಪಾಗಿ ತಿಳಿದು, ವ್ಯಾಪಾರಿಯು ಕೊಟ್ಟ ಮಿತಿಯನ್ನು ಮೀರಿ ವೋಲ್ಟೇಜ್ ಏರಿಸಿದವನು ನಾನು. ಅದರಿಂದ ಬಿಲ್ಲೆ ಬಿರುಕು ಬಿಟ್ಟಿತು. ಯಲಗೂರಪ್ಪ ಪಟ್ಟಿ ಬಿಚ್ಚಿಟ್ಟಿರಲಿಲ್ಲ. ಚರ್ಮ ಸುಡುತ್ತಿದೆ ಎಂದು ಅವನು ಹೇಳಿದ್ದನ್ನು ನಾನು ಕೇಳಲಿಲ್ಲ. ಪಟ್ಟಿ ಕೆಟ್ಟರೆ ಅವನಿಗೆ ತಿಳಿಯುವಂತೆ ನಾನು ಏನೂ ಮಾಡಿರಲಿಲ್ಲ."

ಒಂದು ಪ್ರತಿ ಸುಕುಮಾರ ಅಣ್ಣನಿಗೆ ಕೊಟ್ಟೆ. ಓದಿ, ಮಡಚಿ, ನನ್ನ ಅಂಗಿಯ ಕಿಸೆಗೇ ತುರುಕಿದ. ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದ. "ಇದು ಹೊರಗ ಬಂದ್ರ ಈ ಊರಾಗ ಒಂದ ಶೆಡ್ಡಿನ ಬಾಗಿಲಾನೂ ನಿನಗ ತೆಗಿಯಂಗಿಲ್ಲ ನೋಡು. ಕಿವುಡ ಮಿಸ್ತ್ರಿನ್ನ ಯಾರ ಕರೀತಾರ? ಹದಿನೈದು ದಿನ ಆಗಿಲ್ಲ, ಕೈ ಮುಗದು ಕ್ಷಮಾ ಕೇಳಿದಿ."

"ನಿನಗ ಕೇಳಿದ್ದೆ. ಕೇಳಬೇಕಾದಾವ ಬ್ಯಾರೆ ಇದ್ದ," ಎಂದೆ. ಅವನು ಉತ್ತರ ಕೊಟ್ಟನೋ ಇಲ್ಲವೋ, ನಾನು ತಿರುಗಿಯಾಗಿತ್ತು.

ಮತ್ತೊಂದು ಪ್ರತಿ ಕಾರ್ಮಿಕ ಕಚೇರಿಯಲ್ಲಿ ಕೊಟ್ಟು ಶಿಕ್ಕಾ ಹಾಕಿಸಿದೆ. ಮೂರನೆಯದನ್ನು ಹಿಡಿದು ಶಹಾಪುರಕ್ಕೆ ಹೋದೆ.

ಯಲಗೂರಪ್ಪ ಅದೇ ಹೊರಸಿನ ಮೇಲಿದ್ದ. ಕಾಗದವನ್ನು ಜನಾಬಾಯಿಗೆ ಕೊಟ್ಟೆ. ಅವಳು ಬಾಗಿಲ ಬೆಳಕಿಗೆ ಹಿಡಿದು, ಮರಾಠಿ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದಳು. ಎರಡು ಸಲ ಓದಿದಳು. ಆಮೇಲೆ ಗಂಡನ ಎದುರು ಕೂತು, ಬಾಯಿ ದೊಡ್ಡದು ಮಾಡಿ ಒಂದೊಂದೇ ಮಾತಾಗಿ ಹೇಳಿದಳು. ಕೊನೆಗೆ ನನ್ನ ಕಿವಿಯ ಕಡೆ ಬೆರಳು ಮಾಡಿ, ಕೈ ಅಲ್ಲಾಡಿಸಿದಳು: ಇಲ್ಲ.

ಯಲಗೂರಪ್ಪ ನನ್ನನ್ನೇ ನೋಡಿದ. "ನಿಮಗೂ ಹೋತೇನ್ರಿ?" ಎಂದ. ಬಾಯಿ ನೋಡಿ ತಿಳಿಯಿತು.

ನಾನು ಅವನ ಪಕ್ಕ ಕೂತು ಹೇಳತೊಡಗಿದೆ. ತಿರುಪಿನ ವಿಷಯ, ಎಪ್ಪತ್ತು, ತೊಂಬತ್ತೈದು, ಕೆಂಪು ಗುರುತು, ರಂಗೋಲಿ. ಅವನಿಗೆ ಎಷ್ಟು ತಿಳಿಯುತ್ತಿತ್ತೋ ಗೊತ್ತಿಲ್ಲ. ನನ್ನ ದನಿ ಎಷ್ಟು ಜೋರಿತ್ತೋ ಅದೂ ಗೊತ್ತಿಲ್ಲ. ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತಿದ್ದರು. ಚೇಳು ಕಡಿದ ಹಾಗೆ ಎಂದು ನೀನು ಹೇಳಿದಾಗಲೇ ನಾನು, ಆಗಸ್ಟಿನಲ್ಲಿಯೇ ನಾನು, ಎಂದು ಮತ್ತೆ ಮೊದಲಿನಿಂದ ಹೇಳತೊಡಗಿದೆ.

ಯಲಗೂರಪ್ಪ ನನ್ನ ಎಡಗೈ ಎಳೆದು ತೊಡೆಯ ಮೇಲೆ ಇಟ್ಟುಕೊಂಡ. ಗಡಿಯಾರವನ್ನು ಮೇಲೆ ಸರಿಸಿದ. ಅವನ ಮುಂಗೈಯ ಕೆಂಪು ಕಲೆ ಈಗ ಕಪ್ಪಾಗಿದೆ. ನನ್ನ ಮುಂಗೈಯಲ್ಲಿ ಅದೇ ಜಾಗ ಹುಡುಕಿ, ತೋರುಬೆರಳಿನಿಂದ ಎರಡು ಸಲ ತಟ್ಟಿದ.

ನಿಲ್ಲಿಸಿದೆ.